ಎಡಗಡೆಯ ಅಳತೆ

ಗದಗಿನ ಪಕ್ಕದ ಬೆಟಗೇರಿಯಲ್ಲಿ ನಾನು ಬ್ಲೌಸ್ ಹೊಲಿಯೋಕೆ ಶುರು ಮಾಡಿ ಇಪ್ಪತ್ತಾರು ವರ್ಷ ಆಯಿತು. ಹೆಂಗಸರ ಎದೆಯ ಅಳತೆ ತಗೊಳ್ಳೋದು ನನ್ನ ದಿನದ ಕೆಲಸ. ಯಾರಿಗೂ ಎರಡೂ ಕಡೆ ಸರಿಸಮ ಇರಲ್ಲ ಅನ್ನೋದು ನನ್ನ ಕೈಗೆ ಗೊತ್ತು. ಇಷ್ಟು ಜನರ ಅಳತೆ ತಗೊಂಡವಳು ನನ್ನ ಎದೆಯನ್ನ ಮಾತ್ರ ಒಂದು ದಿನವೂ ಮುಟ್ಟಿ ನೋಡಿಕೊಂಡಿರಲಿಲ್ಲ.

2022ರ ದೀಪಾವಳಿ ಮುಗಿದಿತ್ತು. ತುಳಸಿ ಲಗ್ನ ಆಗಿ ಮದುವೆ ಸೀಸನ್ ಶುರುವಾಗಿತ್ತು. ಸ್ನಾನ ಮಾಡುವಾಗ ಎಡಗಡೆ, ಕಂಕುಳ ಹತ್ತಿರ, ಹುಣಸೆ ಬೀಜದಷ್ಟು ಗಟ್ಟಿ ಏನೋ ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲ ಅಂತಲೇ ಬಿಟ್ಟೆ. ಮೇಜಿನ ಮೇಲೆ ನಲವತ್ತು ಬ್ಲೌಸ್ ಕೂತಿದ್ದವು. ಸಂಕ್ರಾಂತಿ ಆದಮೇಲೆ ನೋಡಿದರೆ ಅದು ಅಡಿಕೆಯಷ್ಟಾಗಿತ್ತು. ನೋವಿಲ್ಲದ ಗಂಟನ್ನೂ ಬೇಗ ತೋರಿಸಬೇಕು ಅನ್ನೋದು ಆವತ್ತು ನನಗೆ ಗೊತ್ತಿರಲಿಲ್ಲ.

ಮೊದಲು ಹೋದ ಆಸ್ಪತ್ರೆಯ ಹೆಸರು ಬರೆಯಲ್ಲ. ಸ್ಕ್ಯಾನಿಂಗ್ ಮಾಡಿದರು. ಡಾಕ್ಟರು ರಿಪೋರ್ಟ್ ನೋಡಿ, "ಗಡ್ಡಿ ಐತ್ರಿ. ಸೋಮವಾರ ಬರ್ರಿ, ಪೂರ್ತಿ ತಗದ್ಬಿಡೋಣು. ಮಕ್ಕಳು ದೊಡ್ಡಾವಾಗ್ಯಾವಲ್ಲ, ಇನ್ನೇನ್ ಬೇಕು?" ಅಂದರು. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ನಾನೂ ತಲೆ ಆಡಿಸಿ ಬಂದೆ. ಆ "ಇನ್ನೇನ್ ಬೇಕು" ಅನ್ನೋ ಮಾತು ಮಾತ್ರ ಮನೆ ಮುಟ್ಟೋವರೆಗೂ ಕಿವಿಯಲ್ಲೇ ಇತ್ತು.

ಧಾರವಾಡದಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲೇ ಜಗಳ ತೆಗೆದಳು. "ಅವ್ವಾ, ಸೂಜಿ ಹಾಕಿ ಪರೀಕ್ಷೆ ಮಾಡದ ಹೆಂಗ ತಗೀತಾರ? ಅದು ಏನಂತ ಗೊತ್ತಾಗೋದು ಬ್ಯಾಡೇನು?" ಮರುದಿನ ಅವಳೇ ಹುಬ್ಬಳ್ಳಿಗೆ ಬಂದಳು. ನಾನೂ ನಮ್ಮ ಮನೆಯವರೂ ಗದಗಿನಿಂದ ಬಸ್ ಹತ್ತಿದೆವು. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಆವತ್ತು ಅವಳು ಹಟ ಮಾಡದೇ ಇದ್ದಿದ್ದರೆ ನನ್ನ ಕಥೆ ಬೇರೆಯೇ ಆಗಿರುತ್ತಿತ್ತು.

ಅಲ್ಲಿ ಮೊದಲು ಮ್ಯಾಮೊಗ್ರಾಮ್ ಆಯಿತು. ಎರಡು ತಟ್ಟೆಗಳ ನಡುವೆ ಎದೆಯನ್ನ ಒತ್ತಿ ಹಿಡಿದು ಎಕ್ಸ್‌ರೇ ತೆಗೀತಾರೆ. ನೋವಾಗುತ್ತೆ, ಆದರೆ ಸ್ವಲ್ಪ ಹೊತ್ತು. ಆಮೇಲೆ ಮರಗಟ್ಟಿಸಿ ದಪ್ಪ ಸೂಜಿಯಿಂದ ಗಡ್ಡೆಯ ಚೂರು ತೆಗೆದರು. ಟಿಚ್ ಗುಂಡಿ ಒತ್ತಿದಾಗ ಬರುತ್ತಲ್ಲ, ಅಂಥ ಸದ್ದು ನಾಲ್ಕೈದು ಸಲ ಬಂತು. ಕಂಕುಳಲ್ಲಿದ್ದ ಗಂಟಿಗೂ, ಲಿಂಫ್ ಗ್ರಂಥಿ ಅಂತಾರೆ, ಸೂಜಿ ಹಾಕಿದರು. ರಿಪೋರ್ಟ್ ಬರೋಕೆ ದಿನ ಹಿಡಿಯಿತು. ಕ್ಯಾನ್ಸರ್ ಹೌದು ಅನ್ನೋದರ ಜೊತೆಗೆ ಅದರ ಜಾತಿಯೂ ಬರೆದಿತ್ತು. ಇ.ಆರ್., ಪಿ.ಆರ್. (ಗಡ್ಡೆಯಲ್ಲಿ ಹಾರ್ಮೋನ್ ಹಿಡಿಯೋ ಗುರುತುಗಳು) ಪಾಸಿಟಿವ್, ಹರ್-2 (ಗಡ್ಡೆ ಬೇಗ ಬೆಳೆಸೋ ಒಂದು ಪ್ರೋಟೀನ್) ನೆಗೆಟಿವ್. ಅಂದರೆ ಹಾರ್ಮೋನ್ ಹಚ್ಚಿಕೊಂಡು ಬೆಳೆಯೋ ಗಡ್ಡೆ, ಮುಂದೆ ಅದಕ್ಕೆ ಗುಳಿಗೆ ನಡೆಯುತ್ತೆ. ಈ ಮೂರರ ಫಲಿತಾಂಶ ಗೊತ್ತಾಗದೆ ಚಿಕಿತ್ಸೆಯ ಲೆಕ್ಕ ಹಾಕೋಕೇ ಬರಲ್ಲ ಅಂತ ಅಲ್ಲಿ ತಿಳಿಯಿತು.

ಸರ್ಜನ್ ಮೇಡಂ ಒಂದು ಹಾಳೆ ತಗೊಂಡು ಪೆನ್ನಿನಿಂದ ಎದೆಯ ಚಿತ್ರ ಬರೆದರು. ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಕಂಕುಳ ಕಡೆ ಒಂದು ಸುನ್ನೆ. ಅದರಿಂದ ದೂರ, ಕೆಳಗಡೆ ಒಳಬದಿಗೆ, ಇನ್ನೊಂದು ಸಣ್ಣ ಸುನ್ನೆ. ಎರಡರ ನಡುವೆ ಪೆನ್ನಿನ ತುದಿಯಿಂದ ಚುಕ್ಕಿ ಚುಕ್ಕಿ ಇಟ್ಟರು. "ಗಡ್ಡಿ ಒಂದ ಇದ್ದು, ಸಣ್ಣದಿದ್ರ, ಅದನ್ನಷ್ಟ ತಗದು ಎದಿ ಉಳಸ್ತೀವ್ರಿ ಅಕ್ಕಾರ. ಆಮೇಲೆ ಕರೆಂಟ್, ಅಂದ್ರ ರೇಡಿಯೇಷನ್, ಕೊಡ್ತೀವಿ. ಜೀವಕ್ಕ ಅದೂ ಅಷ್ಟ ಚಲೋ, ಪೂರ್ತಿ ತಗಿಯೂದೂ ಅಷ್ಟ ಚಲೋ. ನಿಮ್ಮದು ಎರಡ ಕಡೆ ಐತಿ, ನಡುವ ಸುಣ್ಣದ ಹಳ್ಳಿನಂಥಾ ಚುಕ್ಕಿ ಹಬ್ಬ್ಯಾವ. ಅದಕ್ಕ ಪೂರ್ತಿ ತಗೀಬೇಕಾಗ್ತೈತಿ."

ಉತ್ತರ ಅದೇ, ಪೂರ್ತಿ ತೆಗೀಬೇಕು. ಮೊದಲಿನ ಡಾಕ್ಟರು ಹೇಳಿದ್ದೂ ಅದೇ ಅಲ್ವಾ? ಆದರೆ ಇಲ್ಲಿ ಯಾಕೆ ಅಂತ ನನಗೆ ಗೊತ್ತಾಯಿತು. ಯಾಕೆ ಅಂತ ಗೊತ್ತಾದಮೇಲೆ ಅಳು ಬಂದರೂ ಸಿಟ್ಟು ಬರಲಿಲ್ಲ.

ಎದೆ ಉಳಿಸಿದರೆ ಕ್ಯಾನ್ಸರ್ ಒಳಗೇ ಉಳೀತೈತಿ ಅಂತ ನಮ್ಮ ಓಣಿಯಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಮಗಳು ಓದಿ ಹೇಳಿದ್ದನ್ನ ಇಲ್ಲಿ ಬರೆಯಲೇಬೇಕು. ಅಮೆರಿಕದಲ್ಲಿ 1976ರಲ್ಲಿ ಬರ್ನಾರ್ಡ್ ಫಿಶರ್ ಅನ್ನೋ ಸರ್ಜನ್ ಮುಂದಾಳತ್ವದಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಕೆಲವರಿಗೆ ಎದೆ ಪೂರ್ತಿ ತೆಗೆದರು, ಕೆಲವರಿಗೆ ಗಡ್ಡೆ ಮಾತ್ರ ತೆಗೆದರು, ಇನ್ನು ಕೆಲವರಿಗೆ ಗಡ್ಡೆ ತೆಗೆದು ಕರೆಂಟ್ ಕೊಟ್ಟರು. ಇಪ್ಪತ್ತು ವರ್ಷ ಅವರನ್ನ ಗಮನಿಸುತ್ತಾ ಬಂದು 2002ರಲ್ಲಿ ಫಲಿತಾಂಶ ಹೇಳಿದರು. ಬದುಕಿ ಉಳಿಯೋ ವಿಷಯದಲ್ಲಿ ಮೂರಕ್ಕೂ ವ್ಯತ್ಯಾಸ ಇರಲಿಲ್ಲ. ಕರೆಂಟ್ ಕೊಟ್ಟವರಲ್ಲಿ ಅದೇ ಎದೆಯಲ್ಲಿ ಗಡ್ಡೆ ತಿರುಗಿ ಬರೋದು ಬಹಳ ಕಡಿಮೆಯಾಗಿತ್ತು. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದ ತಂಗಿಗೆ ಗಡ್ಡೆ ಒಂದೇ ಇತ್ತು. ಅವಳಿಗೆ ಎದೆ ಉಳಿಸಿದರು. ಅವಳ ಗಾಯ ಒಂದು ಬೆರಳುದ್ದ.

ಕಂಕುಳ ಗಂಟಿಗೂ ಹರಡಿದ್ದರಿಂದ ನನಗೆ ಮೊದಲು ಕೀಮೋ. ಕೆಂಪು ಔಷಧಿ ನಾಲ್ಕು ಸಲ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಕೂದಲು ಹೋಯಿತು, ಬಾಯಿ ರುಚಿ ಹೋಯಿತು, ಬೆರಳ ತುದಿ ಜುಮ್ಮೆಂದು ಸೂಜಿಗೆ ದಾರ ಪೋಣಿಸೋಕೆ ಬರದಂತಾಯಿತು. ಆ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯಲ್ಲ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅದು ಇರದಿದ್ದರೆ ಮಷಿನ್ ಮಾರಬೇಕಾಗುತ್ತಿತ್ತು. ಜೂನ್‌ನಿಂದ ಶಕ್ತಿ ಯೋಜನೆ ಬಂದು ನನ್ನ ಮತ್ತು ಮಗಳ ಬಸ್ ಚಾರ್ಜೂ ಉಳಿಯಿತು.

ಆಪರೇಷನ್‌ಗೆ ಮುಂಚೆ ಮೇಡಂ ಒಂದು ಮಾತು ಕೇಳಿದರು. "ಮುಂದ ಹೊಸಾ ಎದಿ ಮಾಡಿಸ್ಕೊಳ್ಳೂ ವಿಚಾರ ಐತೇನ್ರಿ? ಈಗಲೇ ಪ್ಲಾಸ್ಟಿಕ್ ಸರ್ಜನ್ ಹತ್ರ ಒಮ್ಮೆ ಮಾತಾಡ್ರಿ." ನಾನು ಬೆಪ್ಪಾಗಿ ನೋಡಿದೆ. ಹಾಗೂ ಮಾಡ್ತಾರೆ ಅಂತಲೇ ಗೊತ್ತಿರಲಿಲ್ಲ. ಆಪರೇಷನ್ ಆದಮೇಲೆ ಕೇಳಿದರಾಗದೇ ಅಂತ ಅನಿಸಿತ್ತು. ಮುಂಚೆಯೇ ಕೇಳೋದಕ್ಕೆ ಕಾರಣ ಇದೆ. ಅದೇ ಮೇಜಿನ ಮೇಲೆ, ಅದೇ ಹೊತ್ತಿನಲ್ಲಿ ಹೊಸ ಎದೆ ಕಟ್ಟೋದಾದರೆ ಮೇಲಿನ ಚರ್ಮ ಉಳಿಸಿಕೊಂಡು ಒಳಗಿನದನ್ನ ಮಾತ್ರ ತೆಗೀತಾರೆ. ಅಸ್ತರ್ ಬಿಚ್ಚಿ ಮೇಲಿನ ಬಟ್ಟೆ ಹಾಗೇ ಇಟ್ಟುಕೊಂಡಂತೆ. ಒಮ್ಮೆ ಚರ್ಮ ತೆಗೆದು ಹೊಲಿದುಬಿಟ್ಟರೆ ಮತ್ತೆ ಎಲ್ಲಿಂದಲಾದರೂ ತರಬೇಕು.

ನನಗೆ ಮಾತ್ರ ಕರೆಂಟ್ ಬೇಕೇ ಬೇಕಿತ್ತು. ಕರೆಂಟ್ ಬಿದ್ದರೆ ಹೊಸ ಎದೆ ಕುಗ್ಗಿ ಗಟ್ಟಿಯಾಗೋ ಭಯ ಇರುತ್ತೆ. ಅದಕ್ಕೆ "ಮೊದಲು ಎಲ್ಲಾ ಮುಗೀಲಿ, ಒಂದು ವರ್ಷ ಬಿಟ್ಟು ನೋಡೋಣು" ಅಂದರು. ತಡವಾದರೂ ಆಗುತ್ತೆ ಅನ್ನೋ ಮಾತು ಹಿಡಿದುಕೊಂಡು ಒಳಗೆ ಹೋದೆ.

2023ರ ಆಗಸ್ಟ್. ನಾಗರಪಂಚಮಿ ವಾರ. ವಾರ್ಡಿನಲ್ಲಿ ಯಾರೋ ಶೇಂಗಾ ಉಂಡಿ, ಎಳ್ಳುಂಡಿ ಹಂಚುತ್ತಿದ್ದರು. ಎಚ್ಚರವಾದಾಗ ನನ್ನ ಎಡಬದಿಗೆ ಎರಡು ಪ್ಲಾಸ್ಟಿಕ್ ನಳಿಗೆ, ತುದಿಗೆ ಡಬ್ಬಿ. ಡ್ರೇನ್ ಅಂತಾರೆ. ಗಾಯದಲ್ಲಿ ಸೇರೋ ನೀರು ಅದರೊಳಗೆ ಇಳಿಯುತ್ತೆ. ದಿನಾ ಬೆಳಿಗ್ಗೆ ಎಷ್ಟು ಎಂ.ಎಲ್. ಅಂತ ಬರೆದಿಡಬೇಕು. ದಿನಕ್ಕೆ 30ಕ್ಕಿಂತ ಕಡಿಮೆ ಬಂದಮೇಲೆ ತೆಗೀತೀವಿ ಅಂದರು. ಡಬ್ಬಿ ಕೈಯಲ್ಲಿ ಹಿಡಿದೇ ಬಚ್ಚಲಿಗೆ ಹೋಗಬೇಕು, ಮಲಗಿದರೆ ಜಗ್ಗುತ್ತೆ. ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೀರೆಗೆ ಪಿನ್ನು ಹಾಕಿಕೊಂಡಿದ್ದರು. ನಾನು ಮನೆಗೆ ಬಂದ ಮೂರನೇ ದಿನ ಬಲಗೈಯಿಂದಲೇ ಮಷಿನ್ ಚಕ್ರ ತಿರುಗಿಸಿ, ಹಳೆ ಕಾಟನ್ ಸೀರೆಯಲ್ಲಿ ಎರಡು ಕಿಸೆಯ ಚೀಲ ಹೊಲಿದೆ. ಕೊರಳಿಗೆ ಹಾಕಿಕೊಳ್ಳೋ ಪಟ್ಟಿ. ಡಬ್ಬಿ ಸೊಂಟದ ಮೇಲೆ ಸುಮ್ನೆ ಕೂರುತ್ತಿತ್ತು. ಆ ವರ್ಷ ಅಂಥವು ಹತ್ತು ಹೊಲಿದು ವಾರ್ಡಿಗೆ ಕೊಟ್ಟೆ.

ಬ್ಲೌಸ್ ಏನು ಹಾಕೋದು ಅನ್ನೋದೇ ದೊಡ್ಡ ಚಿಂತೆಯಾಗಿತ್ತು. ಕೈ ಮೇಲೆತ್ತೋಕಾಗಲ್ಲ. ತೋಳು ಹಾಕೋಕೆ ಹೋದರೆ ಕಂಕುಳ ಹರಿದಂತಾಗುತ್ತೆ. ಆಗ ನಮ್ಮ ಅತ್ತೆ ತಮ್ಮ ಪೆಟ್ಟಿಗೆಯಿಂದ ಹಳೇ ಖಣದ ಕುಪ್ಪಸ ತೆಗೆದುಕೊಟ್ಟರು. "ಇದು ಹಾಕ್ಕೋ ಯವ್ವಾ. ಮುಂದ ಗಂಟು ಹಾಕಿದ್ರ ಮುಗೀತು." ಹುಕ್ಕಿಲ್ಲ, ಕಾಜ ಇಲ್ಲ. ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು. ಸಡಿಲ ಬೇಕಾದರೆ ಸಡಿಲ, ಬಿಗಿ ಬೇಕಾದರೆ ಬಿಗಿ. ಗುಳೇದಗುಡ್ಡದ ಖಣ ಗಾಯಕ್ಕೆ ಒರಟಾಗುತ್ತೆ ಅಂತ ಅದೇ ಕಟಿಂಗಿನಲ್ಲಿ ಮೆತ್ತನೆ ಮಲ್ ಬಟ್ಟೆಯಲ್ಲಿ ಹೊಲಿದುಕೊಂಡೆ, ತೋಳು ಎರಡಿಂಚು ಜಾಸ್ತಿ ಸಡಿಲ ಇಟ್ಟು. ನಮ್ಮ ಅಜ್ಜಿಯರು ಹಾಕಿದ ಉಡುಪಿಗಿಂತ ಒಳ್ಳೇದು ಆ ದಿನಗಳಿಗೆ ಇನ್ನೊಂದಿಲ್ಲ.

ಕೈಯ ವ್ಯಾಯಾಮ ತಪ್ಪಿಸಬೇಡಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನ ಇರುವೆ ಹತ್ತಿದಂತೆ ಮೇಲಕ್ಕೆ ಹತ್ತಿಸಬೇಕು. ನಾನು ಮಷಿನ್ ಪಕ್ಕದ ಗೋಡೆಯಲ್ಲಿ ಬಟ್ಟೆಗೆ ಗುರುತು ಹಾಕೋ ಚಾಕಿನಿಂದ ದಿನಕ್ಕೊಂದು ಗೆರೆ ಎಳೆದೆ. ಮೊದಲ ದಿನ ನೆಲದಿಂದ 43 ಇಂಚು. ಎರಡು ದಿನ ಅಲ್ಲೇ ನಿಂತಿತು. ಒಂದು ವಾರ ವ್ಯಾಯಾಮ ಮಾಡದೆ ಇದ್ದಾಗ ಒಂದಿಂಚು ಕೆಳಗೂ ಬಂತು. ದಸರೆ ಹೊತ್ತಿಗೆ 70 ದಾಟಿತು. ಆ ಗೆರೆಗಳನ್ನ ಸುಣ್ಣ ಬಳಿಯುವಾಗಲೂ ಅಳಿಸೋಕೆ ಬಿಟ್ಟಿಲ್ಲ. ಕಂಕುಳ ಗಂಟು ತೆಗೆದ ಮೇಲೆ ಆ ಕೈ ಊದಿಕೊಳ್ಳೋ ಅಪಾಯ ಜೀವನಪೂರ್ತಿ ಇರುತ್ತೆ. ಅದಕ್ಕೇ ಎಡಗೈಗೆ ಇಂಜೆಕ್ಷನ್, ಬಿಪಿ ಪಟ್ಟಿ ಹಾಕಿಸಿಕೊಳ್ಳಲ್ಲ. ಸೂಜಿ ಚುಚ್ಚದಂತೆ ಬೆರಳಿಗೆ ಟೋಪಿ ಹಾಕಿಕೊಂಡೇ ಕೈಹೊಲಿಗೆ ಹಾಕ್ತೀನಿ. ತೋಳಿನ ಒಳಬದಿ ಇವತ್ತಿಗೂ ಮರಗಟ್ಟಿದಂತೇ ಇದೆ.

ಕರೆಂಟ್ ಹದಿನೈದು ದಿನ, ಶನಿವಾರ ಭಾನುವಾರ ಬಿಟ್ಟು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದಿದ್ದೆ. ಚರ್ಮ ಕಪ್ಪಾಗಿ ಹೊಟ್ಟೆದ್ದು ಆಮೇಲೆ ತಿಳಿಯಾಯಿತು. ಅಲ್ಲಿಂದ ದಿನಕ್ಕೊಂದು ಗುಳಿಗೆ ಶುರು.

ಆಮೇಲೆ ಹತ್ತಿರ ಹತ್ತಿರ ಒಂದೂವರೆ ವರ್ಷ ನಾನು ಒಂದು ಕಡೆ ಎದೆ ಇಲ್ಲದೆ ಇದ್ದೆ. ಹತ್ತಿ ತುಂಬಿ ನೋಡಿದೆ, ಹಗುರಾಗಿ ಮೇಲೆ ಸರಿಯುತ್ತಿತ್ತು. ಬಟ್ಟೆಯ ಚೀಲದಲ್ಲಿ ಸಾಸಿವೆ ತುಂಬಿ ಬಲಗಡೆಯ ತೂಕಕ್ಕೆ ಸರಿಮಾಡಿದೆ, ಹೊರಗೆ ಹತ್ತಿಯ ಪದರ. ಅದು ಕೂತಿತು. ತೂಕ ಸರಿಯಿಲ್ಲದಿದ್ದರೆ ಭುಜ ಒಂದು ಕಡೆ ವಾಲಿ ಬೆನ್ನು ನೋಯುತ್ತೆ. ಆದರೆ ಬೇಸಿಗೆಯಲ್ಲಿ ಬೆವರಿಗೆ ಒದ್ದೆಯಾಗುತ್ತಿತ್ತು. ಗಿರಾಕಿಗಳ ಅಳತೆ ತಗೊಳ್ಳೋಕೆ ಬಗ್ಗಿದಾಗಲೆಲ್ಲ ಒಂದು ಕೈ ಎದೆ ಮೇಲೇ ಇರುತ್ತಿತ್ತು. ದಿನಾ ಹತ್ತು ಹೆಂಗಸರ ಎದೆಯ ಅಳತೆ ತಗೊಳ್ಳೋ ಕೆಲಸ ನನ್ನದು. ಆ ದಿನಗಳಲ್ಲಿ ಅದು ಎಷ್ಟು ಕಷ್ಟವಾಯಿತು ಅಂತ ಯಾರಿಗೂ ಹೇಳಿಲ್ಲ.

"ಜೀವ ಉಳೀತಲ್ಲ, ಈ ವಯಸ್ಸಿನ್ಯಾಗ ಅದ್ಯಾಕ ಬೇಕ?" ಅಂತ ನೆರೆಯವರು ಅಂದರು. ಅತ್ತೆಯೂ ಅಂದರು. ಅವರಿಗೆ ಮತ್ತೆ ಆಪರೇಷನ್ ಅಂದರೆ ಭಯ. ನಮ್ಮ ಮನೆಯವರು ಮಾತ್ರ, "ನಿನ್ನ ಮೈ, ನೀ ಹೇಳಿದಂಗ" ಅಂದರು. ನನಗೆ ಇದು ಅಲಂಕಾರದ ಮಾತಲ್ಲ. ಹಲ್ಲು ಹೋದವರು ಹಲ್ಲು ಕಟ್ಟಿಸ್ಕೊಂಡರೆ ಯಾರೂ ಯಾಕೆ ಅಂತ ಕೇಳಲ್ಲ.

ಬೇಡ ಅನ್ನೋರೂ ಇದ್ದಾರೆ, ಅದೂ ಸರಿಯೇ. ರೋಣದ ಕಡೆಯ ಒಬ್ಬ ಅಕ್ಕ, ನನ್ನ ಜೊತೆ ಕೀಮೋ ತಗೊಂಡವರು, ಸಪಾಟಾಗಿಯೇ ಇರ್ತೀನಿ ಅಂದರು. ನೆಮ್ಮದಿಯಾಗಿದ್ದಾರೆ. ಹಾಗೆ ಇರೋದಾದರೆ ಅದನ್ನೂ ಸರ್ಜನ್‌ಗೆ ಮೊದಲೇ ಹೇಳಬೇಕು. ಹೊಲಿಗೆಯ ತುದಿಯಲ್ಲಿ ಹೆಚ್ಚಿನ ಚರ್ಮ ಬಿಟ್ಟರೆ ಕಂಕುಳ ಹತ್ತಿರ ಬಟ್ಟೆ ನೆರಿಗೆ ಬಿದ್ದಂತೆ ಮುದ್ದೆಯಾಗಿ ನಿಲ್ಲುತ್ತೆ, ತೋಳಿಗೆ ತಿಕ್ಕುತ್ತೆ. ಸಪಾಟಾಗಿ ಹೊಲಿಯೋದೂ ಒಂದು ಕೆಲಸವೇ.

2024ರ ಕೊನೆಗೆ ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್‌ರನ್ನ ಕಂಡೆವು. ಮುಕ್ಕಾಲು ಗಂಟೆ ಮಾತಾಡಿದರು. ಒಂದು ದಾರಿ, ಸಿಲಿಕಾನ್ ಇಂಪ್ಲಾಂಟ್. ಚರ್ಮ ಸಾಲದಿದ್ದರೆ ಮೊದಲು ಒಳಗೆ ಖಾಲಿ ಚೀಲ ಇಟ್ಟು, ವಾರವಾರ ಸಲೈನ್ ತುಂಬಿ ಚರ್ಮ ಹಿಗ್ಗಿಸಿ, ಆಮೇಲೆ ಇಂಪ್ಲಾಂಟ್ ಹಾಕ್ತಾರೆ. ಬೇರೆ ಕಡೆ ಗಾಯ ಆಗಲ್ಲ, ಆಪರೇಷನ್ ಚಿಕ್ಕದು. ಆದರೆ ಕರೆಂಟ್ ಬಿದ್ದ ಚರ್ಮ ಸರಿಯಾಗಿ ಹಿಗ್ಗಲ್ಲ. ಇಂಪ್ಲಾಂಟ್ ಸುತ್ತ ಗಾಯದ ಪೊರೆ ಬಿಗಿದು ಗಟ್ಟಿಯಾಗೋದು, ನೋಯೋದು ಜಾಸ್ತಿ. ಜೀವನಪೂರ್ತಿ ಬಾಳುತ್ತೆ ಅಂತಲೂ ಇಲ್ಲ, ಮುಂದೆ ಬದಲಿಸಬೇಕಾಗಬಹುದು.

ಎರಡನೇದು ಹೊಟ್ಟೆಯದು. ಹೊಕ್ಕಳ ಕೆಳಗಿನ ಚರ್ಮ, ಕೊಬ್ಬು ತೆಗೆದು ಎದೆಗೆ ತರೋದು. ಹೊಟ್ಟೆಯ ಸ್ನಾಯು ಬಿಟ್ಟು ಬರೀ ರಕ್ತನಾಳದ ಜೊತೆ ತೆಗೆದು, ಎದೆಯ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲೀತಾರಂತೆ. "ಕೂದಲಕ್ಕಿಂತ ಸಣ್ಣ ದಾರ" ಅಂದರು. ನಾನು ಒಂದು ಕ್ಷಣ ನನ್ನ ರೋಗ ಮರೆತು ಆ ದಾರ ತೋರಿಸ್ರಿ ಅಂತ ಕೇಳಿದೆ. ಮೈಯದೇ ಕೊಬ್ಬಾದ್ದರಿಂದ ಅದು ಎಲ್ಲಕ್ಕಿಂತ ಸಹಜ. ಆದರೆ ಆರೆಂಟು ತಾಸಿನ ಕೆಲಸ, ಅದಕ್ಕೆ ಕೈ ಪಳಗಿದ ತಂಡವೇ ಬೇಕು. ನನಗೆ ಮೊದಲ ಹೆರಿಗೆಯಲ್ಲಿ ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದ ಗಾಯವಿತ್ತು. ಆ ಗಾಯ ದಾಟಿ ರಕ್ತ ಸರಿಯಾಗಿ ಹೋಗದು, ಅರ್ಧ ಭಾಗವೇ ಕೆಲಸಕ್ಕೆ ಬಂದೀತು ಅಂದರು.

ಮೂರನೇದು ಬೆನ್ನಿನದು. ಬೆನ್ನಿನ ಅಗಲವಾದ ಸ್ನಾಯು, ಅದರ ಮೇಲಿನ ದೋಣಿಯಾಕಾರದ ಚರ್ಮದ ಜೊತೆ, ಕಂಕುಳ ಕೆಳಗಿಂದ ಸುರಂಗ ಮಾಡಿ ಮುಂದಕ್ಕೆ ತಿರುಗಿಸೋದು. ರಕ್ತನಾಳ ಕತ್ತರಿಸಲ್ಲ, ಅದು ಕಂಕುಳಲ್ಲಿ ಹಾಗೇ ಅಂಟಿಕೊಂಡಿರುತ್ತೆ. ಇದನ್ನ 1906ರಲ್ಲೇ ಇಟಲಿಯ ಟಾನ್ಸಿನಿ ಅನ್ನೋ ಸರ್ಜನ್ ಮಾಡಿದ್ದರಂತೆ. ನನಗೆ ಥಟ್ಟನೆ ಅರ್ಥವಾಯಿತು. ಬಟ್ಟೆಯನ್ನ ಪೂರ್ತಿ ಕತ್ತರಿಸದೆ, ಒಂದು ಅಂಚು ಉಳಿಸಿಕೊಂಡೇ ಮಡಚಿ ತಂದು ಕೂಡಿಸೋದು ನಾವೂ ಮಾಡ್ತೀವಲ್ಲ.

"ಕೆಲಸ ಏನ್ ಮಾಡ್ತೀರಿ?" ಅಂತ ಕೇಳಿ, ಬಟ್ಟೆ ಕತ್ತರಿಸುವಾಗ ಕೈ ಹೇಗೆ ಆಡುತ್ತೆ ತೋರಿಸ್ರಿ ಅಂದರು. ಆ ಸ್ನಾಯು ಹೋದರೆ ಜಗ್ಗೋ ಶಕ್ತಿ, ಕೈಯೂರಿ ಮೇಲೇಳೋ ಶಕ್ತಿ ಸ್ವಲ್ಪ ಕಡಿಮೆಯಾಗುತ್ತೆ. ಬಾವಿ ನೀರು ಸೇದೋರಾದರೆ ಬೇರೆ ಯೋಚನೆ ಮಾಡುತ್ತಿದ್ದೆ ಅಂದರು. ಗಾತ್ರ ಬಲಗಡೆಯಷ್ಟು ಬರದಿದ್ದರೆ ಒಳಗೆ ಸಣ್ಣ ಇಂಪ್ಲಾಂಟ್ ಇಡಬಹುದು, ಇಲ್ಲವೇ ಬಲಗಡೆಯದನ್ನೇ ಚಿಕ್ಕದು ಮಾಡಬಹುದು ಅಂದರು. ಎರಡೂ ಬೇಡ ಅಂದೆ. ಚೂರು ಚಿಕ್ಕದಿದ್ದರೆ ಬ್ಲೌಸಿನಲ್ಲಿ ನಾನೇ ಸರಿಮಾಡ್ಕೋತೀನಿ. ಕಾರ್ಡಿನಲ್ಲಿ ಯಾವುದು ಬರುತ್ತೆ, ಯಾವುದಕ್ಕೆ ಕೈಯಿಂದ ಕೊಡಬೇಕು ಅಂತ ಆವತ್ತೇ ಕೌಂಟರಿನಲ್ಲಿ ಬರೆಸಿಕೊಂಡೆವು. ಕಡಿಮೆ ಬಿದ್ದದ್ದಕ್ಕೆ ಸಂಘದ ಉಳಿತಾಯ ತೆಗೆದೆ.

2025ರ ಫೆಬ್ರುವರಿಯಲ್ಲಿ ಆಯಿತು. ಮೊದಲ ರಾತ್ರಿ ನರ್ಸ್ ತಾಸಿಗೊಮ್ಮೆ ಬಂದು ಹೊಸ ಚರ್ಮ ಒತ್ತಿ ನೋಡುತ್ತಿದ್ದಳು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಬಣ್ಣ ತಿರುಗಿ ಬರಬೇಕು. ಹಾಗೆ ಬಂದರೆ ರಕ್ತ ಓಡುತ್ತಿದೆ ಅಂತ ಅರ್ಥ. ನಾನೂ ಅವಳ ಬೆರಳನ್ನೇ ನೋಡುತ್ತಿದ್ದೆ. ಮುಂಜಾನೆ ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಕೈಗೆ ಎದೆ ತಿಳಿಯುತ್ತೆ, ಎದೆಗೆ ಕೈ ತಿಳಿಯಲ್ಲ. ಇವತ್ತಿಗೂ ಅಲ್ಲಿ ಸ್ಪರ್ಶ ಇಲ್ಲ. ಇದನ್ನ ಮೊದಲೇ ಹೇಳಿದ್ದರು, ಆದರೂ ಆ ಮುಂಜಾನೆ ಬಹಳ ಅತ್ತೆ.

ಎದೆಗಿಂತ ಬೆನ್ನೇ ಜಾಸ್ತಿ ಕಾಡಿತು. ಡ್ರೇನ್ ತೆಗೆದಮೇಲೂ ಅಲ್ಲಿ ನೀರು ತುಂಬಿ, ಮಲಗಿದರೆ ನೀರಿನ ಚೀಲದ ಮೇಲೆ ಮಲಗಿದಂತಾಗುತ್ತಿತ್ತು. ಮೂರು ಸಲ ಹುಬ್ಬಳ್ಳಿಗೆ ಹೋಗಿ ಸೂಜಿಯಿಂದ ತೆಗೆಸಿಕೊಂಡು ಬಂದೆ. ಬೆನ್ನಿನ ಆಪರೇಷನ್‌ನಲ್ಲಿ ಇದು ಸಾಮಾನ್ಯವಂತೆ. ಎರಡು ತಿಂಗಳು ಮಷಿನ್ ಮುಟ್ಟಲಿಲ್ಲ. ಈಗ ದೊಡ್ಡ ಕತ್ತರಿಯಿಂದ ದಪ್ಪ ಬಟ್ಟೆ ಜಗ್ಗಿ ಕತ್ತರಿಸಿದರೆ ಎದೆಯ ಮೇಲೆ ಚಕ್ಕನೆ ಮಿಸುಕುತ್ತೆ. ಜಾಗ ಬದಲಿಸಿದರೂ ಸ್ನಾಯು ಹಳೇ ಕೆಲಸ ಮರೆತಿಲ್ಲ. ಮೊದಲು ಹೆದರಿಕೆಯಾಗಿತ್ತು, ಈಗ ರೂಢಿಯಾಗಿದೆ. ತೊಟ್ಟು ಬೇಕಾದರೆ ಅದೇ ಚರ್ಮ ಮಡಚಿ ಮಾಡಿ, ಆಮೇಲೆ ಹಚ್ಚೆ ಹಾಕಿ ಬಣ್ಣ ಕೊಡ್ತಾರೆ. ಅದನ್ನ ಇನ್ನೂ ಯೋಚನೆ ಮಾಡ್ತಿದ್ದೀನಿ.

ಹೊಸ ಅಳತೆಯಲ್ಲಿ ಮೊದಲ ಕಟೋರಿ ಬ್ಲೌಸ್ ಹೊಲಿದುಕೊಂಡಾಗ ಎಡಗಡೆಯ ಕಟೋರಿ ಅರ್ಧ ಇಂಚು ಸಣ್ಣದು ಕತ್ತರಿಸಿದೆ. ಸಾಸಿವೆ ಚೀಲ ಬಿಚ್ಚಿ ಸಾಸಿವೆ ಚೆಲ್ಲಿದೆ.

ಮೊನ್ನೆ ಬ್ಯಾಡಗಿಯಿಂದ ಒಬ್ಬಳು ಫೋನ್ ಮಾಡಿದ್ದಳು. ವಾರ್ಡಿನ ಯಾರೋ ನಂಬರ್ ಕೊಟ್ಟಿದ್ದರಂತೆ. "ಅಕ್ಕಾ, ಬುಧವಾರ ಆಪರೇಷನ್ ಐತಿ. ಆ ಗಂಟಿನ ಕುಪ್ಪಸ ಎರಡು ಕಳಸ್ತೀರೇನ್ರಿ?"

"ಕಳಸ್ತೀನಿ. ಗಡ್ಡಿ ಒಂದ ಐತೋ, ಎರಡೋ?"

"ಗೊತ್ತಿಲ್ರಿ. ತಗೀತೀವಿ ಅಂದಾರ."

"ಸೂಜಿ ಪರೀಕ್ಷೆ ಆಗೇತೇನು?"

"ಆಗೇತ್ರಿ. ರಿಪೋರ್ಟ್ ಅದ, ನಾ ಓದಿಲ್ಲ."

"ಪೆನ್ನು ಹಾಳಿ ತಗೋ ತಂಗಿ. ನಾಳೆ ಹೋಗಿ ಇಷ್ಟು ಕೇಳ್ಕೊಂಡು ಬಾ. ಎದಿ ಉಳಸಾಕ ಬರ್ತೈತೋ ಇಲ್ಲೋ, ಇಲ್ಲಾಂದ್ರ ಯಾಕ. ಮೊದಲು ಕೀಮೋ ಕೊಟ್ರ ಗಡ್ಡಿ ಸಣ್ಣದಾಗಿ ಉಳಸಾಕ ಬರ್ತೈತೇನು. ಕಂಕುಳಾಗಿನ ಗಂಟು ಎಲ್ಲಾ ತಗೀಬೇಕೋ, ಒಂದೆರಡು ತಗದು ನೋಡಿದ್ರ ಸಾಕೋ. ಆಮೇಲೆ ಕರೆಂಟ್ ಐತೇನು. ಹೊಸಾ ಎದಿ ಕಟ್ಟೂದಾದ್ರ ಈಗೋ, ಆಮೇಲೋ."

ಆ ಕಡೆ ಮಗುವಿನ ಕೈಯಿಂದ ನೋಟುಬುಕ್ಕು ಇಸ್ಕೊಂಡ ಸದ್ದು ಬಂತು. ನಿಧಾನಕ್ಕೆ ಒಂದೊಂದೇ ಮತ್ತೆ ಹೇಳಿಸಿಕೊಂಡು ಬರೆದಳು. ಬರೆದು ಮುಗಿದಮೇಲೆ ಅಳತೆ ಕೇಳಿದೆ. ಮೂವತ್ತಾರು ಅಂದಳು. ಆವತ್ತು ಸಂಜೆಯೇ ಎರಡು ಕುಪ್ಪಸಕ್ಕೆ ಮಲ್ ಬಟ್ಟೆ ಕತ್ತರಿಸಿಟ್ಟೆ.